ನಮ್ಮಪ್ಪನ ಕೊಂಬು, ನನ್ನ ಯೂಫೋನಿಯಂ

(ಸುವರ್ಣ ಮಹೋತ್ಸವದ ಎರಡನೆಯ ದಿನ, ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಆಡಿದ ಮಾತುಗಳ ಬರಹ ರೂಪ)



ಹಳೆಯ ವಿದ್ಯಾರ್ಥಿಗಳ ಸಂಘದವರು ಮನೆಗೆ ಬಂದು, "ಶಾಲೆಗೆ ಬ್ಯಾಂಡ್ ಸೆಟ್ ಕೊಡಿಸುತ್ತಿದ್ದೇವೆ, ನೀವು ನಲವತ್ತು ವರ್ಷ ಪೊಲೀಸ್ ಬ್ಯಾಂಡಿನಲ್ಲಿ ಇದ್ದವರು, ನಾಲ್ಕು ಮಾತು ಹೇಳಬೇಕು" ಎಂದರು. ನಾನು ಭಾಷಣದವನಲ್ಲ. ಸರ್ವೀಸಿನಲ್ಲಿ ಇದ್ದಷ್ಟು ಕಾಲವೂ ಬಾಯಿಗೆ ಯೂಫೋನಿಯಂ ಅಡ್ಡ ಇತ್ತು, ಮಾತಾಡಲು ಪುರುಸೊತ್ತೇ ಸಿಗಲಿಲ್ಲ. ಹಾಗಾಗಿ ಗೊತ್ತಿಲ್ಲದ ದೊಡ್ಡ ವಿಷಯಗಳಿಗೆ ಕೈಹಾಕದೆ, ಗೊತ್ತಿರುವ ಒಂದೇ ಒಂದು ಚಿಕ್ಕ ವಿಷಯ ಹೇಳುತ್ತೇನೆ. ಒಂದು ಸ್ವರದಿಂದ ಇನ್ನೊಂದು ಸ್ವರಕ್ಕೆ ನಡುವೆ ಕಡಿಯದಂತೆ ಹೋಗುವುದು ಹೇಗೆ ಎಂಬುದೇ ಆ ವಿಷಯ. ಬ್ಯಾಂಡಿನವರು ಇದನ್ನು ಲಿಪ್ ಸ್ಲರ್ ಎನ್ನುತ್ತಾರೆ. ನಲವತ್ತು ವರ್ಷ ಪ್ರತಿದಿನ ಬೆಳಿಗ್ಗೆ ನಾನು ಮೊದಲು ಮಾಡಿದ ಕೆಲಸ ಅದು. ಸೇರಿದ ಮೊದಲ ವರ್ಷ ನನ್ನ ಅನ್ನಕ್ಕೆ ಕಲ್ಲು ಬೀಳುವ ಹಾಗೆ ಮಾಡಿದ್ದೂ ಅದೇ.

ಯೂಫೋನಿಯಂ ಎಂದರೆ ಏನೆಂದು ಕೆಲವರಿಗೆ ಗೊತ್ತಿರಲಿಕ್ಕಿಲ್ಲ. ಇಗೋ, ಇದು. ಮದುವೆ ಮೆರವಣಿಗೆಯಲ್ಲಿ ಮುಂದೆ ನಿಂತು ಮಿಂಚುವವನು ಟ್ರಂಪೆಟ್‌ನವನು. ಹೊಟ್ಟೆಯ ಮೇಲೆ ಮಗುವನ್ನು ಎತ್ತಿಕೊಂಡ ಹಾಗೆ ಇದನ್ನು ಎತ್ತಿಕೊಂಡು ಹಿಂದಿನ ಸಾಲಿನಲ್ಲಿ ಬೆವರುವವನು ನಾನು. ಸುರುಳಿ ಬಿಚ್ಚಿದರೆ ಸುಮಾರು 9 ಅಡಿ ಉದ್ದದ ಕೊಳವೆ. ಮೂರು ವಾಲ್ವ್‌ಗಳಿವೆ. ಎರಡನೆಯದನ್ನು ಒತ್ತಿದರೆ ಸ್ವರ ಅರ್ಧ ಮನೆ ಇಳಿಯುತ್ತದೆ, ಮೊದಲನೆಯದು ಒಂದು ಮನೆ, ಮೂರನೆಯದು ಒಂದೂವರೆ. ಹೊಸಬರು ಅಂದುಕೊಳ್ಳುವುದು ಏನೆಂದರೆ, ಹಾರ್ಮೋನಿಯಂ ಮನೆಗಳ ಹಾಗೆ ಒಂದೊಂದು ಸ್ವರಕ್ಕೆ ಒಂದೊಂದು ಒತ್ತು ಇರಬೇಕು ಎಂದು. ಹಾಗಿಲ್ಲ. ಯಾವ ವಾಲ್ವನ್ನೂ ಮುಟ್ಟದೆ ಬರೀ ಊದಿದರೆ ಇದೇ ಕೊಳವೆಯಲ್ಲಿ ಸ ಬರುತ್ತದೆ, ಪ ಬರುತ್ತದೆ, ಮೇಲಿನ ಸ ಬರುತ್ತದೆ, ಅದರ ಮೇಲೆ ಗ, ಪ, ಆಮೇಲೆ ಸ್ವಲ್ಪ ತಗ್ಗಿದ ಒಂದು ನಿ, ಮತ್ತೆ ಸ. ಕೆಳಗೆ ಮೆಟ್ಟಿಲುಗಳು ದೂರದೂರ, ಮೇಲೆ ಹೋದಂತೆ ಹತ್ತಿರ ಹತ್ತಿರ. ಈ ಮೆಟ್ಟಿಲುಗಳನ್ನು ಮಾಡಿದವರು ಯಾರೂ ಇಲ್ಲ, ಕೊಳವೆಯ ಗುಣವೇ ಅದು. ತಂಬೂರಿಯ ಮಂದ್ರದ ತಂತಿಯನ್ನು ಮೀಟಿ ಕಿವಿಗೊಟ್ಟರೆ ಯಾರೂ ನುಡಿಸದ ಅಂತರ ಗಾಂಧಾರ ತಾನಾಗಿ ಕೇಳಿಸುತ್ತದೆ ಎಂದು ಸಂಗೀತ ಬಲ್ಲವರು ಹೇಳುತ್ತಾರಲ್ಲ, ಅದೇ ಗಾಂಧಾರ ಇದರೊಳಗೂ ಇದೆ. ಹಾರ್ಮೋನಿಯಮ್ಮಿನ ಗಾಂಧಾರಕ್ಕಿಂತ ಒಂದು ಕೂದಲೆಳೆ ಕೆಳಗೆ. ಬ್ಯಾಂಡಿನಲ್ಲಿ ಅದನ್ನು "ಫ್ಲ್ಯಾಟ್" ಎಂದು ಬಯ್ಯುತ್ತಾರೆ, ತಂಬೂರಿಯವರ ಕಡೆ ಹೋದರೆ ಅದೇ ಸರಿ ಎನ್ನುತ್ತಾರೆ. ಆ ಜಗಳ ಇವತ್ತು ಬೇಡ.

ಈ ಮೆಟ್ಟಿಲುಗಳ ನಡುವೆ ಏನೂ ಇಲ್ಲ. ವೀಣೆಯಲ್ಲಿ ಬೆರಳು ಜಾರಿಸಿ ಜಾರು ತೆಗೆಯಬಹುದು. ಇಲ್ಲಿ ಜಾರಲು ಜಾಗವೇ ಇಲ್ಲ, ಪ ಬಿಟ್ಟರೆ ನೇರ ಸ. ನಾಲಿಗೆಯಿಂದ "ತು" ಎಂದು ಹೊಡೆದರೆ ಹೊಸ ಸ್ವರ ಸುಲಭವಾಗಿ ಹತ್ತಿಕೊಳ್ಳುತ್ತದೆ. ಆದರೆ ಹಾಗೆ ಹೊಡೆದು ಹೊಡೆದು ನುಡಿಸಿದರೆ ಹಾಡು ಹಾಡಾಗುವುದಿಲ್ಲ, ಕವಾಯತು ಆಗುತ್ತದೆ. ನಾಲಿಗೆ ಬಳಸದೆ, ಬೆರಳು ಅಲುಗಿಸದೆ, ಕೇಳುವವರಿಗೆ ಸಂದು ಕಾಣದ ಹಾಗೆ ಪ ಇದ್ದದ್ದು ಸ ಆಗಬೇಕು.

ಮಕ್ಕಳೇ, ಇದು ಯಾಕೆ ಕಷ್ಟ ಎಂದು ನಾನು ಹೇಳಬೇಕಾದರೆ ನನ್ನ ಕಥೆಗೆ ಬರಬೇಕು.

ನಾನು ಇಲ್ಲಿ ಎಂಟನೇ ಕ್ಲಾಸಿಗೆ ಸೇರಿದ್ದು 1977ರಲ್ಲಿ. ಶಾಲೆಗೆ ಆಗ ಎರಡು ವರ್ಷ. ಜಯನಗರ ಆಗಲೇ ದೊಡ್ಡ ಪೇಟೆ. ಫೋರ್ತ್ ಬ್ಲಾಕಿಗೆ ನಡೆದುಕೊಂಡು ಹೋಗಿಬಂದವನು ಫಾರಿನ್ನಿಗೆ ಹೋಗಿಬಂದಂತೆ ಮಾತಾಡುತ್ತಿದ್ದ. ನಮ್ಮ ಕಡೆ ಹೊಲ, ತೋಪು, ಕೆರೆ ಏರಿ. ಬಡಾವಣೆಗೆಂದು ನೆಟ್ಟ ಕಲ್ಲುಗಳ ಮಧ್ಯೆ ರಾಗಿ ಬೆಳೆಯುತ್ತಿತ್ತು. ಕಾರ್ತಿಕ ಮಾಸದ ಕೊನೆಯ ಸೋಮವಾರ ಬಸವನಗುಡಿಯ ಕಡಲೆಕಾಯಿ ಪರಿಷೆಗೆ ಇಡೀ ಊರು ಗಾಡಿ ಕಟ್ಟುತ್ತಿತ್ತು.

ಶಾಲೆಗೆ ಸೇರಿಸುವಾಗ ತಂದೆಯ ಉದ್ಯೋಗ ಎಂಬಲ್ಲಿ "ಕೂಲಿ" ಎಂದು ಬರೆಸಿದ್ದೆ. ಅದು ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ನಮ್ಮಪ್ಪ ಊರದೇವತೆಯ ಜಾತ್ರೆಯಲ್ಲಿ ಕೊಂಬು ಊದುತ್ತಿದ್ದರು. ಸುತ್ತ ಮೂರು ನಾಲ್ಕು ಊರಿನ ಜಾತ್ರೆಗಳಿಗೂ ಅವರಿಗೇ ಕರೆ ಬರುತ್ತಿತ್ತು. ತಮಟೆಯವರು, ಕೊಂಬಿನವರು ಗುಡಿಯ ಹೊರಗೆ ನಿಂತು ಬಾರಿಸಬೇಕು, ಊದಬೇಕು. ದೇವರು ಹೊರಡಬೇಕಾದರೆ ನಮ್ಮಪ್ಪ ಊದಲೇಬೇಕು, ಆದರೆ ದೇವರು ಒಳಗಿದ್ದಾಗ ನಮ್ಮಪ್ಪ ನೋಡುವ ಹಾಗಿಲ್ಲ. ಆಗ ಹಾಗಿತ್ತು. ಕ್ಲಾಸಿನಲ್ಲಿ ಒಂದಿಬ್ಬರು ನನ್ನನ್ನು ಕಂಡರೆ ಕೈ ಬಾಯಿಗಿಟ್ಟು "ಪೋಂ" ಎನ್ನುತ್ತಿದ್ದರು. ಅವರು ಈಗ ನನ್ನ ಆಪ್ತ ಸ್ನೇಹಿತರು, ಎದುರಿಗೇ ಕುಳಿತಿದ್ದಾರೆ, ನಗುತ್ತಿದ್ದಾರೆ. ಬೇಸರ ಮಾಡಿಕೊಳ್ಳಬೇಡ್ರಪ್ಪಾ, ಹೇಳದೆ ಹೋದರೆ ಕಥೆ ನಿಲ್ಲುವುದಿಲ್ಲ. ನನಗೆ ನಾಚಿಕೆ ಎಷ್ಟಿತ್ತೆಂದರೆ, ಜಾತ್ರೆಯ ದಿನ ಹೊಟ್ಟೆನೋವು ಎಂದು ಮನೆಯಲ್ಲೇ ಮಲಗುತ್ತಿದ್ದೆ. ಅಪ್ಪನ ಕೊಂಬನ್ನು ಒಮ್ಮೆಯೂ ಬಾಯಿಗಿಟ್ಟವನಲ್ಲ.

ಇದೇ ಶಾಲೆಯ ಪಿ.ಟಿ. ಮೇಷ್ಟ್ರು ನನಗೆ ಸ್ಕೌಟ್ ಬ್ಯೂಗಲ್ ಕೊಟ್ಟರು. ಬ್ಯೂಗಲ್ ಊದಲು ನಾಚಿಕೆಯಾಗಲಿಲ್ಲ ನೋಡಿ! ಅದು ಸರ್ಕಾರದ್ದು, ಖಾಕಿ ನಿಕ್ಕರಿನ ಜೊತೆ ಬರುವುದು. ಊದುವುದು ಅದೇ ತುಟಿ, ಅದೇ ಉಸಿರು, ಆದರೂ ಬೇರೆ ಮರ್ಯಾದೆ. ಅದೇ ಬ್ಯೂಗಲ್ಲಿನ ದೆಸೆಯಿಂದ 1984ರಲ್ಲಿ ಪೊಲೀಸ್ ಬ್ಯಾಂಡಿಗೆ ಆಯ್ಕೆಯಾದೆ. ಕಲಿಯಲು ಮೈಸೂರಿಗೆ ಕಳಿಸಿದರು.

ಮೈಸೂರಿನ ಬ್ಯಾಂಡಿನ ಬಗ್ಗೆ ಒಂದು ಮಾತು ಹೇಳದಿದ್ದರೆ ತಪ್ಪಾದೀತು. ಅದು ಮೂಲದಲ್ಲಿ ಅರಮನೆಯ ಬ್ಯಾಂಡು. ಒಂದು ಕರ್ನಾಟಕ ಸಂಗೀತದ್ದು, ಒಂದು ಇಂಗ್ಲಿಷ್ ಸಂಗೀತದ್ದು. ಇಂಗ್ಲಿಷ್ ಬ್ಯಾಂಡನ್ನು ತಿದ್ದಿ ತೀಡಿದವರಲ್ಲಿ ಆಟೊ ಶ್ಮಿಟ್ ಎಂಬ ಜರ್ಮನ್ ವಿದ್ವಾಂಸರ ಹೆಸರು ದೊಡ್ಡದು. ಜಯಚಾಮರಾಜ ಒಡೆಯರು ಸ್ವತಃ ಪಾಶ್ಚಾತ್ಯ ಸಂಗೀತವನ್ನು ಕಲಿತವರು, ಲಂಡನ್ನಿನ ಫಿಲ್‌ಹಾರ್ಮೋನಿಯ ಕನ್ಸರ್ಟ್ ಸೊಸೈಟಿಗೆ ಮೊದಲ ಅಧ್ಯಕ್ಷರಾಗಿದ್ದವರು. ಅರಮನೆಯ ಕಾಲ ಮುಗಿದ ಮೇಲೆ ಆ ಪರಂಪರೆ ಪೊಲೀಸ್ ಇಲಾಖೆಗೆ ಬಂತು. ಕದ್ರಿ ಗೋಪಾಲನಾಥರು ಚಿಕ್ಕವರಿದ್ದಾಗ ಆ ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನ್ ಕೇಳಿಯೇ ಅದಕ್ಕೆ ಮನಸೋತದ್ದು. ನಾಗಸ್ವರದ ಮನೆಯ ಹುಡುಗ ಬ್ಯಾಂಡಿನ ವಾದ್ಯ ಹಿಡಿದು ಕರ್ನಾಟಕ ಸಂಗೀತಕ್ಕೆ ಅದನ್ನು ಒಗ್ಗಿಸಿಕೊಂಡರು. ಅಂಥ ಬ್ಯಾಂಡಿಗೆ ನಾನು ರಾಗಿ ಹೊಲದಿಂದ ಎದ್ದು ಹೋದೆ.

ಹೋದವನಿಗೆ ಯೂಫೋನಿಯಂ ಕೊಟ್ಟರು. ಕ್ಲಾರಿನೆಟ್ ಭರ್ತಿಯಾಗಿತ್ತು, ನನ್ನ ಎದೆ ಅಗಲ ಇತ್ತು, ಅಷ್ಟೇ ಕಾರಣ. ಮೊದಲ ಎರಡು ತಿಂಗಳು ಚೆನ್ನಾಗಿಯೇ ನಡೆಯಿತು. ಮಾರ್ಚಿನ ಪಾಠಗಳೆಲ್ಲ ನಾಲಿಗೆಯ ಹೊಡೆತದವು, ಬ್ಯೂಗಲ್ ಊದಿದವನಿಗೆ ಸಲೀಸು. ಆಮೇಲೆ ನಿಧಾನದ ಪಾಠಗಳು ಬಂದವು. ನನ್ನ ಪ್ರತಿ ಸ್ಲರ್ ಕಡಿಯುತ್ತಿತ್ತು. ಪ ಊದಿ ಸ ಹತ್ತಬೇಕು, ನಡುವೆ ಒಂದು ಬಿಕ್ಕಳಿಕೆ. ಇಳಿಯುವಾಗ ದೊಪ್ಪನೆ ಬೀಳುತ್ತಿತ್ತು, ಕೆಲವು ಸಲ ಒಂದು ಮೆಟ್ಟಿಲು ಹಾರಿ ಇನ್ನೂ ಕೆಳಗಿನದಕ್ಕೆ ಹೋಗಿ ಕೂರುತ್ತಿತ್ತು. ಬ್ಯಾಂಡ್ ಮಾಸ್ಟರ್ ಒಳ್ಳೆಯವರು, ಆದರೆ ಅವರಿಗೂ ಕಾಲಮಿತಿ ಇತ್ತು. "ದಸರಾ ಹೊತ್ತಿಗೆ ಸರಿಹೋಗದಿದ್ದರೆ ವಾದ್ಯ ಬೇರೆಯವರಿಗೆ, ನಿನಗೆ ಲಾಠಿ" ಎಂದರು.

ಹೆದರಿ ನಾನು ಮಾಡಿದ್ದೆಲ್ಲ ತಪ್ಪು. ಮೇಲಿನ ಸ್ವರ ಬರಲೆಂದು ಮೌತ್‌ಪೀಸನ್ನು ತುಟಿಗೆ ಒತ್ತಿದೆ. ಒತ್ತಿದರೆ ಸ್ವರ ಬರುತ್ತದೆ, ನಿಜ. ಆದರೆ ತುಟಿಗೆ ರಕ್ತ ಓಡುವುದಿಲ್ಲ, ಹತ್ತು ನಿಮಿಷಕ್ಕೆ ಜೋಮು ಹಿಡಿಯುತ್ತದೆ. ಕನ್ನಡಿ ನೋಡಿಕೊಂಡರೆ ಬಾಯಿಯ ಸುತ್ತ ಬಳೆಯ ಗುರುತು, ಒಳಗೆ ಹಲ್ಲಿನ ಗುರುತು. ಬಾಯಿಯ ಮೂಲೆಗಳನ್ನು ಕಿವಿಯ ಕಡೆಗೆ ಎಳೆದು ನಕ್ಕ ಹಾಗೆ ಮಾಡಿದೆ, ಸ್ವರ ತೆಳ್ಳಗಾಯಿತು. ತಲೆ ಎತ್ತಿ ಎತ್ತಿ ಊದಿದೆ, ಪಕ್ಕದವನು "ಕೋಳಿ ನೀರು ಕುಡಿದಂಗೆ ಕಾಣ್ತೀಯ" ಎಂದ. ದಿನಕ್ಕೆ ನಾಲ್ಕು ಗಂಟೆ ಊದಿದೆ. ತಪ್ಪನ್ನು ನಾಲ್ಕು ಗಂಟೆ ಮಾಡಿದರೆ ತಪ್ಪೇ ಗಟ್ಟಿಯಾಗುತ್ತದೆ ಎಂದು ಆಗ ತಿಳಿಯಲಿಲ್ಲ.

ಆಷಾಢದಲ್ಲಿ ಹದಿನೈದು ದಿನ ರಜೆ ಸಿಕ್ಕಿತು. ವಾದ್ಯ ಮನೆಗೆ ತರುವಂತಿಲ್ಲ, ಮೌತ್‌ಪೀಸ್ ಮಾತ್ರ ಜೇಬಿನಲ್ಲಿಟ್ಟುಕೊಂಡು ಬಂದೆ. ಬೆಳಿಗ್ಗೆ ಹಿತ್ತಿಲಲ್ಲಿ ಕುಳಿತು ಬರೀ ಮೌತ್‌ಪೀಸ್ ಊದುತ್ತಿದ್ದೆ. ಅದರ ಸದ್ದು ಹೇಗಿರುತ್ತದೆಂದು ನಿಮಗೆ ಗೊತ್ತೆ? (ಊದಿ ತೋರಿಸಿದರು.) ಅಪ್ಪ ಬಂದು ನೋಡಿದರು. "ಏನ್ಲಾ ಮಗ, ಸರ್ಕಾರ್ದೋರು ಇಷ್ಟೇನಾ ಕೊಟ್ಟಿರಾದು?" ಎಂದರು. ಮಿಕ್ಕದ್ದು ಮೈಸೂರಿನಲ್ಲಿದೆ ಎಂದೆ. ಸ್ವಲ್ಪ ಹೊತ್ತು ಕೇಳಿಸಿಕೊಂಡು ಒಳಗೆ ಹೋಗಿ ಅಟ್ಟದಿಂದ ಕೊಂಬು ಇಳಿಸಿದರು. ಎರಡು ತುಂಡು, ಸೇರಿಸಿದರೆ ಅರ್ಧಚಂದ್ರ. ತಾಮ್ರವೋ ಹಿತ್ತಾಳೆಯೋ ತಿಳಿಯದಷ್ಟು ಕಪ್ಪಾಗಿತ್ತು.

ಇಪ್ಪತ್ತು ವರ್ಷ ಒಂದೇ ಮನೆಯಲ್ಲಿದ್ದು ನಾನು ಗಮನಿಸದೆ ಇದ್ದದ್ದು ಇದು: ಕೊಂಬಿಗೆ ವಾಲ್ವ್ ಇಲ್ಲ, ತೂತು ಇಲ್ಲ, ಬೆರಳಿಗೆ ಕೆಲಸವೇ ಇಲ್ಲ. ಅದರಲ್ಲಿ ಬರುವ ಸ್ವರಗಳೆಲ್ಲ ಕೊಳವೆಯ ಮೆಟ್ಟಿಲುಗಳೇ. ನಮ್ಮಪ್ಪ ಮೂವತ್ತು ವರ್ಷದಿಂದ ಊದುತ್ತಿದ್ದದ್ದು ಲಿಪ್ ಸ್ಲರ್ ಬಿಟ್ಟು ಬೇರೇನೂ ಅಲ್ಲ. ಕೆಳಗಿನಿಂದ ಎದ್ದು ಮೇಲಕ್ಕೆ ಹೋಗುವ ಆ ಕೂಗು, ದೇವರು ಹೊರಟಿತು ಎಂದು ಮೈ ಜುಂ ಎನ್ನಿಸುವ ಆ ಕೂಗು, ಅದರ ನಡುವೆ ಸಂದು ಕೇಳಿದವರು ಯಾರಾದರೂ ಇದ್ದೀರಾ?

ಅಪ್ಪನಿಗೆ ಆಗ ಮುಂದಿನ ಹಲ್ಲುಗಳು ಅಲ್ಲಾಡುತ್ತಿದ್ದವು, ಮೊದಲಿನ ಹಾಗೆ ಊದಲು ಆಗುತ್ತಿರಲಿಲ್ಲ. ಎರಡು ಸಲ ಊದಿ ನನ್ನ ಕೈಗೆ ಕೊಟ್ಟರು. ನಾನು ಊದಿದೆ, ಕಡಿಯಿತು. ಅಪ್ಪ ಹೇಳಿದ್ದನ್ನು ಅವರ ಮಾತಿನಲ್ಲೇ ಹೇಳುತ್ತೇನೆ: "ಕೆರೆ ಏರಿ ಅತ್ತುವಾಗ ಎತ್ತಿಗೆ ಯಾವಾಗ್ಲಾ ಹೋ ಅಂತೀಯ? ಏರಿ ಮಧ್ಯಕ್ ಬಂದ್ಮೇಲಾ? ಮಧ್ಯದಾಗೆ ನಿಂತ್ರೆ ಗಾಡಿ ಇಂದಕ್ ಬತ್ತದೆ. ಏರಿ ಸುರುವಾಗಕ್ ಮುಂಚೇನೇ ಎತ್ತು ಜೋರು ತಕೋಬೇಕು. ನೀನು ಬುಡದಾಗೆ ಎತ್ತ ನಿಲ್ಲಿಸ್ತಾ ಇದ್ದೀಯ." ಆಮೇಲೆ ಇಳಿಯುವುದಕ್ಕೆ: "ಇಳಿಜಾರು ಅಂತ ಅಗ್ಗ ಬುಟ್ಬುಟ್ರೆ ಗಾಡಿ ಎತ್ತಿನ ಕಾಲ್ಗೇ ಬಂದ್ ಬೀಳ್ತದೆ. ಇಳಿಯುವಾಗ್ಲೇ ಬಿಗಿಯಾಗಿ ಇಡ್ಕೋಬೇಕು."

ಮೈಸೂರಿನ ಪುಸ್ತಕಗಳಲ್ಲಿ, ಬ್ಯಾಂಡ್ ಮಾಸ್ಟರ್ ಬಾಯಲ್ಲಿ ಇದೇ ಮಾತು ಬೇರೆ ರೀತಿ ಇತ್ತು. ಸ್ವರ ಬದಲಾಯಿಸುವುದು ತುಟಿ ಅಲ್ಲ, ಗಾಳಿ. ಬದಲಾಗುವ ಗಳಿಗೆಯಲ್ಲಿ ಗಾಳಿ ನಿಲ್ಲಬಾರದು, ಅದಕ್ಕೆ ಸ್ವಲ್ಪ ಮುಂಚೆಯೇ ವೇಗ ಏರಬೇಕು. ಇಳಿಯುವಾಗ ತುಟಿ ಸಡಿಲವಾದರೂ ಹೊಟ್ಟೆಯ ಬಿಗಿ ಸಡಿಲವಾಗಬಾರದು. ಅವರು ಹೇಳಿದ್ದೂ ನನಗೆ ಕೇಳಿಸಿತ್ತು. ಆದರೆ ನಾನು ಗಾಡಿ ಹೊಡೆದವನು. ಗಾಡಿಯ ಮಾತು ಹೊಟ್ಟೆಗೆ ಇಳಿಯಿತು. ನಾನು ಸಂದಿನ ಭಯಕ್ಕೆ ಅದು ಬರುವ ಮೊದಲೇ ಉಸಿರು ಹಿಡಿದುಬಿಡುತ್ತಿದ್ದೆ. ಹೆದರಿಕೆಯೇ ಸಂದು ಮಾಡುತ್ತಿತ್ತು.

ಅವತ್ತು ಸಂಜೆ ಪಿ.ಟಿ. ಮೇಷ್ಟ್ರನ್ನು ಹುಡುಕಿಕೊಂಡು ಶಾಲೆಗೆ ಬಂದೆ. ಬೀರುವಿನ ಬೀಗ ತೆಗೆದು ಹಳೆಯ ಬ್ಯೂಗಲ್ ಕೊಟ್ಟರು. ಬ್ಯೂಗಲ್ಲಿನ ಕೊಳವೆ ಸುಮಾರು ನಾಲ್ಕೂವರೆ ಅಡಿ, ಯೂಫೋನಿಯಮ್ಮಿನ ಅರ್ಧ, ಹಾಗಾಗಿ ಅದೇ ಮೆಟ್ಟಿಲುಗಳು ಒಂದು ಸ್ಥಾಯಿ ಮೇಲೆ. ಶಾಲೆ ಬಿಟ್ಟ ಮೇಲೆ ಕೊನೆಯ ಕೋಣೆಯ ಜಗಲಿಯಲ್ಲಿ ಊದಿಕೋ ಎಂದರು. ಹೆಡ್‌ಮಾಸ್ಟರು ಒಂದು ದಿನ ಬಂದು ನೋಡಿ, ಏನೂ ಹೇಳದೆ, ಜವಾನನಿಗೆ "ಇವನು ಹೋದ ಮೇಲೆ ಗೇಟು ಹಾಕು" ಎಂದು ಹೇಳಿ ಹೋದರು. ಹನ್ನೆರಡು ದಿನ ಬೆಳಿಗ್ಗೆ ಕೆರೆ ಏರಿಯ ಮೇಲೆ ಕೊಂಬು, ಸಂಜೆ ಶಾಲೆಯಲ್ಲಿ ಬ್ಯೂಗಲ್. ಈ ಶಾಲೆಯ ಋಣ ಎಂದರೆ ನನಗೆ ಆ ಜಗಲಿ.

ಹೋದ ತಕ್ಷಣ ಎಲ್ಲ ಸರಿಹೋಯಿತು ಎಂದುಕೊಳ್ಳಬೇಡಿ. ಸಿನಿಮಾದಲ್ಲಿ ಹಾಗಾಗುತ್ತದೆ. ಆ ವರ್ಷ ದಸರೆಯಲ್ಲಿ ನಾನು ಹಿಂದಿನ ಸಾಲಿನಲ್ಲಿ ನಿಂತಿದ್ದೆ. ಮಾರ್ಚುಗಳಲ್ಲಿ ಊದಿದೆ, ನಿಧಾನದ ಪಾಠಗಳಲ್ಲಿ "ಸುಮ್ಮನೆ ಬೆರಳಾಡಿಸು, ಊದಬೇಡ" ಎಂದಿದ್ದರು. ಬನ್ನಿಮಂಟಪದ ಪಂಜಿನ ಕವಾಯತಿನ ಬೆಳಕಿನಲ್ಲಿ ಸುಮ್ಮನೆ ಬೆರಳಾಡಿಸಿದೆ. ಆದರೆ ವಾದ್ಯ ನನ್ನ ಕೈಯಲ್ಲೇ ಉಳಿಯಿತು. ಮುಂದಿನ ದಸರೆಗೆ ಊದು ಎಂದರು.

ಈಗ ಬ್ಯಾಂಡಿಗೆ ಸೇರುವ ಮಕ್ಕಳಿಗೆ ಸ್ವಲ್ಪ ಕೆಲಸದ ಮಾತು. ನೋಟ್‌ಬುಕ್ಕಿನ ಹಾಳೆಯಿಂದ ಎರಡು ಬೆರಳಗಲದ ಪಟ್ಟಿ ಹರಿದುಕೊಳ್ಳಿ. ಮುಖದಿಂದ ಒಂದು ಗೇಣು ದೂರ ನೇತುಹಿಡಿದು ಊದಿ. ಹಾಳೆ ಬಾಗುತ್ತದೆ. ಊದುತ್ತಲೇ, ಸದ್ದು ಮಾಡದೆ, ಬಾಯೊಳಗೆ ಆ, ಈ, ಆ ಎನ್ನುವ ಆಕಾರ ಮಾಡಿ. ಈ ಎಂದಾಗ ನಾಲಿಗೆಯ ನಡುಭಾಗ ಮೇಲೇಳುತ್ತದೆ, ಗಾಳಿಯ ದಾರಿ ಕಿರಿದಾಗಿ ವೇಗ ಹೆಚ್ಚುತ್ತದೆ, ಪೈಪಿನ ಬಾಯಿಗೆ ಹೆಬ್ಬೆರಳು ಇಟ್ಟ ಹಾಗೆ. ಆದರೆ ಹಾಳೆ ಒಂದು ಕ್ಷಣವೂ ಕೆಳಗೆ ಬರಬಾರದು. ಬಂದರೆ ನೀವು ಎತ್ತು ನಿಲ್ಲಿಸಿದ್ದೀರಿ. ವಾದ್ಯ ಸಿಗುವುದಕ್ಕೆ ಮೊದಲೇ, ಇವತ್ತು ರಾತ್ರಿಯೇ ಇದನ್ನು ಮಾಡಬಹುದು.

ವಾದ್ಯ ಸಿಕ್ಕ ಮೇಲೆ ಮೊದಲು ಹಾಡಿ. ಪ–ಸ–ಪ ಎಂದು ಬಾಯಲ್ಲಿ ಹಾಡಲು ಬಾರದಿದ್ದರೆ ತುಟಿಗೆ ಎಲ್ಲಿಗೆ ಹೋಗಬೇಕೆಂದು ಯಾರು ಹೇಳಬೇಕು? ಆಮೇಲೆ ಯಾವ ವಾಲ್ವನ್ನೂ ಒತ್ತದೆ ಪ–ಸ–ಪ, ಗಡಿಯಾರದ ಸೆಕೆಂಡು ಮುಳ್ಳಿನ ಲೆಕ್ಕಕ್ಕೆ ಒಂದೊಂದು ಸ್ವರಕ್ಕೆ ನಾಲ್ಕು ನಾಲ್ಕು ಎಣಿಕೆ, ಎಲ್ಲವೂ ಒಂದೇ ಉಸಿರಿನಲ್ಲಿ. ನಾಲಿಗೆ ಮೊದಲ ಸ್ವರಕ್ಕೆ ಮಾತ್ರ. ಅದಾದ ಮೇಲೆ ಎರಡನೆಯ ವಾಲ್ವ್, ಆಮೇಲೆ ಒಂದನೆಯದು, ಒಂದು–ಎರಡು, ಎರಡು–ಮೂರು, ಒಂದು–ಮೂರು, ಕೊನೆಗೆ ಮೂರೂ. ಬರೀ ಕೊಳವೆಯನ್ನೂ ಸೇರಿಸಿದರೆ ಏಳು ಮನೆ. ಕೊನೆಕೊನೆಗೆ ಕೊಳವೆ ಉದ್ದವಾಗಿ ಗಾಳಿ ಕೇಳುತ್ತದೆ, ಊದಲು ಬೇಸರವಾಗುತ್ತದೆ, ಅಲ್ಲೇ ಎಲ್ಲರೂ ಬಿಟ್ಟುಬಿಡುವುದು. ಬಿಡಬೇಡಿ. ಜೋರಾಗಿ ಊದುವ ಅಗತ್ಯವಿಲ್ಲ, ಪಕ್ಕದ ಕೋಣೆಗೆ ಕೇಳಿಸುವಷ್ಟು ಸಾಕು. ಜೋರು ಮಾಡಿದರೆ ತಪ್ಪು ಮುಚ್ಚಿಹೋಗುತ್ತದೆ. ಊದಿದಷ್ಟೇ ಹೊತ್ತು ವಿಶ್ರಾಂತಿ. ದಿನಕ್ಕೆ ಹದಿನೈದು ನಿಮಿಷ, ತುಟಿ ಜೋಮು ಹಿಡಿಯುವುದಕ್ಕೆ ಮೊದಲೇ ನಿಲ್ಲಿಸಿ. ಆದರೆ ದಿನ ತಪ್ಪಿಸಬೇಡಿ.

ನಡೆಯುತ್ತಾ ಊದುವುದು ಬೇರೆಯೇ ಕಷ್ಟ. ಹೆಜ್ಜೆ ಕುಕ್ಕಿದರೆ ಮೌತ್‌ಪೀಸ್ ಕುಕ್ಕುತ್ತದೆ, ಸ್ಲರ್ ಒಡೆಯುತ್ತದೆ. ಹಿಮ್ಮಡಿಯಿಂದ ಬೆರಳಿನವರೆಗೆ ಹೆಜ್ಜೆ ಉರುಳಬೇಕು. ತಲೆಯ ಮೇಲೆ ತುಂಬಿದ ಕೊಡ ಹೊತ್ತು ನಡೆಯುತ್ತಿದ್ದ ನಮ್ಮೂರ ಅವ್ವಂದಿರು ಯಾರೂ ಕವಾಯತು ಕಲಿತವರಲ್ಲ, ಆದರೂ ಅವರ ನಡಿಗೆಯೇ ಅದಕ್ಕೆ ಸರಿ.

ಹೆಣ್ಣುಮಕ್ಕಳಿಗೆ ಡ್ರಮ್ಮು, ಕೊಳಲು ಕೊಟ್ಟರೆ ಸಾಕು, ದೊಡ್ಡ ವಾದ್ಯ ಅವರಿಗೆ ಭಾರ ಎಂದು ಸಭೆಯಲ್ಲಿ ಒಬ್ಬರು ಹೇಳಿದರು. ನಾನು ಒಪ್ಪುವುದಿಲ್ಲ. ಇದರ ಭಾರ ನಾಲ್ಕೈದು ಕಿಲೋ. ಮಕ್ಕಳ ಸ್ಕೂಲ್ ಬ್ಯಾಗನ್ನು ಒಮ್ಮೆ ಎತ್ತಿ ನೋಡಿ ಆಮೇಲೆ ಮಾತಾಡೋಣ.

2016ರಲ್ಲಿ ಸ್ಕೂಟರಿನಿಂದ ಬಿದ್ದು ನನ್ನ ಮೇಲಿನ ಎರಡು ಹಲ್ಲು ಹೋದವು. ಕಟ್ಟಿಸಿದ ಹಲ್ಲಿನ ಮೇಲೆ ಮೌತ್‌ಪೀಸ್ ಇಟ್ಟರೆ ಯಾರದೋ ಬಾಯಿ ಎನಿಸುತ್ತಿತ್ತು. ಐವತ್ತೆರಡು ವರ್ಷದವನು ರಿಕ್ರೂಟ್ ಹುಡುಗರ ಪಕ್ಕದಲ್ಲಿ ಕುಳಿತು ಮತ್ತೆ ಪ–ಸ–ಪ ಇಂದ ಶುರುಮಾಡಿದೆ. ಮೂರು ತಿಂಗಳು ಹಿಡಿಯಿತು. ಈ ಸಲ ಅಪ್ಪ ಇರಲಿಲ್ಲ.

ಅಪ್ಪ ನನ್ನ ಬ್ಯಾಂಡು ಕೇಳಿದ್ದು ಒಂದೇ ಸಲ. ತೊಂಬತ್ತರ ದಶಕ, ಒಂದು ಭಾನುವಾರ ಸಂಜೆ ಕಬ್ಬನ್ ಪಾರ್ಕಿನ ಬ್ಯಾಂಡ್ ಸ್ಟ್ಯಾಂಡಿನಲ್ಲಿ ನಮ್ಮ ಕಾರ್ಯಕ್ರಮ. ಮುಂದೆ ಕುರ್ಚಿ ಹಾಕಿದ್ದರು. ಅಪ್ಪನನ್ನು ಒಂದರಲ್ಲಿ ಕೂರಿಸಿ ಬಂದು ನನ್ನ ಜಾಗದಲ್ಲಿ ನಿಂತೆ. ಎರಡನೆಯ ಪಾಠ ಶುರುವಾಗುವಾಗ ನೋಡಿದರೆ ಕುರ್ಚಿ ಖಾಲಿ. ಊದುತ್ತಲೇ ಕಣ್ಣಲ್ಲಿ ಹುಡುಕಿದೆ. ದೂರದಲ್ಲಿ ಒಂದು ಮರದ ಕೆಳಗೆ, ಟವೆಲ್ಲು ಹೆಗಲಿನಿಂದ ಕೈಗೆ ತೆಗೆದುಕೊಂಡು, ನಿಂತುಕೊಂಡು ಕೇಳುತ್ತಿದ್ದರು. ಯಾಕೆ ಎದ್ದು ಹೋದಿರಿ ಎಂದು ಬಸ್ಸಿನಲ್ಲಿ ಕೇಳಿದೆ. "ನಿಂತ್ಕಂಡ್ ಕೇಳಿದ್ರೇನೇ ನಂಗೆ ಕೇಳಿಸಾದು" ಎಂದರು. ಬನಶಂಕರಿ ಬರುವವರೆಗೆ ಮತ್ತೇನೂ ಮಾತಿಲ್ಲ. ಇಳಿಯುವಾಗ, "ಎರಡ್ನೇದ್ರಾಗೆ ಒಂದ್ ಕಡೆ ಗಾಡಿ ನಿಂತ್ಕತ್ತು" ಎಂದರು. ನಿಂತಿತ್ತು. ನಾನು ಮರದ ಕೆಳಗೆ ಹುಡುಕುತ್ತಿದ್ದಾಗ.

ಕೊನೆಯದಾಗಿ, ಅಕ್ಕಪಕ್ಕದ ಅಪಾರ್ಟ್‌ಮೆಂಟಿನ ಮಹನೀಯರಲ್ಲಿ ಒಂದು ಬೇಡಿಕೆ. ಬ್ಯಾಂಡ್ ಸೆಟ್ ಬರುತ್ತದೆ ಎಂದು ತಿಳಿದಾಗಲೇ ಸದ್ದಿನ ಬಗ್ಗೆ ಒಂದು ಕಾಗದ ಬಂದಿದೆಯಂತೆ. ನಿಮ್ಮ ಕಷ್ಟ ನನಗೆ ಅರ್ಥವಾಗುತ್ತದೆ. ಹೊಸಬರ ಸ್ಲರ್ ಕೇಳುವುದು ಎಮ್ಮೆಯ ಹೆರಿಗೆ ಕೇಳಿದ ಹಾಗೆ. ಸಂಜೆ ನಾಲ್ಕೂವರೆಯಿಂದ ಐದೂವರೆ, ಒಂದೇ ಗಂಟೆ, ಕೆರೆಯ ಕಡೆಗೆ ಮುಖ ಮಾಡಿದ ಕೊನೆಯ ಕೋಣೆಯಲ್ಲಿ, ಕಿಟಕಿ ಹಾಕಿಕೊಂಡು ಊದಿಸುತ್ತೇನೆ. ಪರೀಕ್ಷೆಯ ತಿಂಗಳು ಬರೀ ಮೌತ್‌ಪೀಸ್. ಆರು ತಿಂಗಳು ಸಹಿಸಿಕೊಳ್ಳಿ. ಸಂಘದವರಿಗೂ ಒಂದು ಮಾತು. ವಾದ್ಯ ಕೊಡಿಸಿ ಆಗಸ್ಟ್ 15ಕ್ಕೆ, ಜನವರಿ 26ಕ್ಕೆ ಮಾತ್ರ ಬೀರುವಿನಿಂದ ತೆಗೆಯುವುದಾದರೆ ದಯವಿಟ್ಟು ಆ ದುಡ್ಡಿನಲ್ಲಿ ಮಕ್ಕಳಿಗೆ ಇನ್ನೊಂದು ಶೌಚಾಲಯ ಕಟ್ಟಿಸಿ. ಕೊಡಿಸುವುದಾದರೆ ದಿನಕ್ಕೆ ಒಂದು ಗಂಟೆ ಸಮಯವನ್ನೂ ಕೊಡಿಸಿ. ಕಲಿಸಲು ನಾನಿದ್ದೇನೆ, ಸಂಬಳ ಬೇಡ, ಪಿಂಚಣಿ ಬರುತ್ತದೆ. ಬ್ಯಾಂಡ್ ಸೆಟ್ ಬರುವುದು ತಡವಾದರೆ ಬೀರುವಿನಲ್ಲಿರುವ ಹಳೆಯ ಬ್ಯೂಗಲ್ ಸಾಕು, ನಾಳೆಯೇ ಶುರುಮಾಡಬಹುದು. ನಿನ್ನೆ ನೋಡಿದೆ, ಇನ್ನೂ ಇದೆ. ಸೊಟ್ಟಗಾಗಿದೆ, ಸ್ವರ ಬರುತ್ತದೆ.

ಅಪ್ಪನ ಕೊಂಬನ್ನೂ ತಂದಿದ್ದೇನೆ. ಮೊದಲು ಇದನ್ನು ಊದುತ್ತೇನೆ, ಆಮೇಲೆ ಯೂಫೋನಿಯಂ, ವಾಲ್ವ್ ಮುಟ್ಟದೆ, ಅದೇ ಸ್ವರಗಳು. ಹಿಂದೆ ಕುಳಿತಿರುವವರಿಗೂ ಕೇಳಿಸಬೇಕು, ದಯವಿಟ್ಟು ಫ್ಯಾನ್ ನಿಲ್ಲಿಸಿ. ಎಲ್ಲಾದರೂ ಗಾಡಿ ನಿಂತರೆ ಕೈ ಎತ್ತಿ.